ಸಹಾಯ ಬೇಕು: ಕಿವಿ ಕೇಳಿಸದ ಮಗುವನ್ನು ಜೊತೆಗೆ ಸೇರಿಸಿಕೊಂಡು ಕಲಿಸುವ ತರಬೇತಿ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ ಸರ್ಕಾರಿ ಶಾಲೆಯಲ್ಲಿ ನಲಿಕಲಿ (ಚಿಕ್ಕ ಮಕ್ಕಳಿಗೆ ಹಾಡು, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಶಿಕ್ಷಕಿ ನಾನು. ತೆಲುಗು, ಲಂಬಾಣಿ ಮಾತಾಡುವ ಮಕ್ಕಳಿದ್ದಾರೆ, ಅದು ಹೇಗೋ ನಡೆಯುತ್ತದೆ.

ಈ ವರ್ಷ ಕಿವಿ ಸರಿಯಾಗಿ ಕೇಳಿಸದ ಹುಡುಗಿಯೊಬ್ಬಳು ಸೇರಿದ್ದಾಳೆ. ಮುಂದೆ ಕೂರಿಸಿ, ಮುಖ ನೋಡಿಯೇ ಮಾತಾಡುತ್ತೇನೆ. ಬೋರ್ಡಿನ ಕಡೆ ತಿರುಗಿದರೆ ಅವಳಿಗೆ ಪಾಠ ಅಲ್ಲೇ ನಿಂತುಹೋಗುತ್ತದೆ, ಅಲ್ವಾ? ಎಲ್ಲರೂ ಹಾಡುವಾಗ ಸುಮ್ನೆ ನನ್ನ ತುಟಿಯನ್ನೇ ನೋಡುತ್ತಿರುತ್ತಾಳೆ. ತುಂಬಾ ಸಂಕಟವಾಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ ಎಂದು ಓದಿದ್ದೇನೆ. ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದಲ್ಲಿ ಶಿಕ್ಷಕರಿಗಾಗಿ ಇರುವ ನಿಷ್ಠಾ ತರಬೇತಿ ಕೋರ್ಸನ್ನೂ ಮುಗಿಸಿದ್ದೇನೆ. ಆದರೆ ಮೊಬೈಲಿನಲ್ಲಿ ನೋಡಿದ್ದು ಜಾಸ್ತಿ ಕೈಗೆ ಹತ್ತಲಿಲ್ಲ. ಡಯಟ್‌ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಅಥವಾ ಬಿಆರ್‌ಸಿಯಲ್ಲಿ (ತಾಲ್ಲೂಕಿನ ಶಿಕ್ಷಕರ ಸಂಪನ್ಮೂಲ ಕೇಂದ್ರ) ಮಕ್ಕಳ ಜೊತೆಗೇ ಮಾಡಿ ತೋರಿಸುವ ತರಬೇತಿ ಇದ್ದರೆ ತಿಳಿಸಿ. ಬಿಐಇಆರ್‌ಟಿ ಶಿಕ್ಷಕರು (ವಿಶೇಷ ಅಗತ್ಯವಿರುವ ಮಕ್ಕಳಿಗೆ ನೆರವಾಗುವ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು) ಯಾರಾದರೂ ಇದ್ದರೆ, ಹಾಡಿನ ಹೊತ್ತಿಗೆ ಅವಳನ್ನು ಹೇಗೆ ಸೇರಿಸಿಕೊಳ್ಳಲಿ, ದಯವಿಟ್ಟು ಹೇಳಿ.