ಸೈಕಲ್ ತುಳಿಯುವಾಗ ತೊಡೆಯ ಇಎಂಜಿ (ಸ್ನಾಯುವಿನ ವಿದ್ಯುತ್ ಸಿಗ್ನಲ್): ಮೀಡಿಯನ್ ಫ್ರೀಕ್ವೆನ್ಸಿ 1.3ರಲ್ಲೇ ಕೂತಿದೆ

ಕೈಮರ_ಏರು: ತಲೆ ಕೆಟ್ಟುಹೋಗಿದೆ. ತೊಡೆಗೆ ಮಯೋವೇರ್ 2.0 ಇಎಂಜಿ ಸೆನ್ಸರ್, ಅದನ್ನ ಓದೋಕೆ ಆರ್ಡುಯಿನೋ ಯುನೋ ಬೋರ್ಡ್, ನಿಂತಲ್ಲೇ ತುಳಿಯೋ ಟ್ರೇನರ್ ಮೇಲೆ ಸೈಕಲ್. ಮುಂದೆ ಮುಳ್ಳಯ್ಯನಗಿರಿ ಏರಿನಲ್ಲೂ ಅಳೀಬೇಕು. ಸ್ನಾಯು ಸೋತಷ್ಟೂ ಮೀಡಿಯನ್ ಫ್ರೀಕ್ವೆನ್ಸಿ (ಸಿಗ್ನಲ್‌ನ ಶಕ್ತಿಯನ್ನ ಸಮ ಎರಡು ಪಾಲು ಮಾಡೋ ಫ್ರೀಕ್ವೆನ್ಸಿ) ಇಳೀಬೇಕು ತಾನೇ? ನಂದು ಶುರುವಿಂದ್ಲೇ 1.3 ಹರ್ಟ್ಝ್, ಕೊನೇಲಿ 1.0. ಚರ್ಮಕ್ಕೆ ಅಂಟಿಸೋ ಪ್ಯಾಡ್ ಹೊಸದು ಹಾಕಿದ್ರೂ ಅದೇ ಕಥೆ.

ಹಾಸನ_ಸೋಲ್ಡರ್: ಪ್ಯಾಡ್ ಹಾಕಿದ ರೀತಿಯೇ ತಪ್ಪು. ಕೂದಲು ಬೋಳಿಸಿ, ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ. ಸ್ನಾಯುವಿನ ನಾರು ಓಡುವ ದಿಕ್ಕಿಗೇ ಇರಲಿ, ಮಧ್ಯದಿಂದ ಮಧ್ಯಕ್ಕೆ 20 ಮಿ.ಮೀ.

ತೋಟದ_ಓಟ: ಮಯೋವೇರ್‌ನಲ್ಲಿ ಪ್ಯಾಡ್ ಸಿಕ್ಕಿಸೋ ಸ್ನ್ಯಾಪ್ ಗುಂಡಿ ಬೋರ್ಡಿಗೇ ಕೂತಿರುತ್ತೆ ಸಾರ್, ಅಂತರ ಬದಲಿಸೋದೆಲ್ಲಿ? ಇದು 50 ಹರ್ಟ್ಝ್ ಕರೆಂಟಿನ ಗದ್ದಲ. ಅದೊಂದನ್ನೇ ಕತ್ತರಿಸೋ ನಾಚ್ ಫಿಲ್ಟರ್ ಹಾಕಿ.

ಹಾಸನ_ಸೋಲ್ಡರ್: ಪ್ಯಾಡ್‌ಗೆ ವೈರ್ ಎಳೆಯೋ ಕೇಬಲ್ ಶೀಲ್ಡ್ ಹಾಕಿದ್ರೆ ಅಂತರ ಬದಲಿಸಬಹುದು. ನಾಚ್ ಹಾಕಿದ್ರೆ 50ರ ಆಸುಪಾಸಿನ ಅಸಲಿ ಸಿಗ್ನಲ್ಲೂ ಹೋಗುತ್ತೆ. ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕೀಳಿ; ಮೈಗೆ ಪ್ಯಾಡ್ ಅಂಟಿಸಿರುವಾಗ ಬ್ಯಾಟರಿಯಲ್ಲೇ ಓಡಿಸಬೇಕು.

ಮಲ್ನಾಡ್_ಬೋರ್ಡ್: ಇಬ್ರೂ ಸ್ವಲ್ಪ ನಿಲ್ಸಿ. ಗುರು, ಯಾವ ಪಿನ್? ನಿಮಿಷಕ್ಕೆ ಎಷ್ಟು ತುಳಿತ?

ಕೈಮರ_ಏರು: ಎನ್ವಲಪ್ ಪಿನ್. ಅದನ್ನೂ ಹೇಳ್ಬೇಕಾ? ತುಳಿತ 80, ಸುಸ್ತಾದ್ಮೇಲೆ 60.

ಮಲ್ನಾಡ್_ಬೋರ್ಡ್: 80ನ್ನ 60 ಸೆಕೆಂಡಿಗೆ ಭಾಗಿಸಿ ನೋಡು ಮಾರಾಯ: 1.33. ನೀನು ಅಳೀತಿರೋದು ಪೆಡಲ್. ಎನ್ವಲಪ್ ಅಂದ್ರೆ ಅಲೆಯನ್ನ ಒಂದೇ ಕಡೆ ಮಡಚಿ ಸವರಿದ್ದು, ಅದ್ರಲ್ಲಿ ಸ್ನಾಯುವಿನ ಫ್ರೀಕ್ವೆನ್ಸಿ ಉಳಿದಿರಲ್ಲ. ಸವರದ ಅಲೆ ಬರೋ ರಾ ಪಿನ್‌ಗೆ ಹಾಕು. 20ರಿಂದ 450 ಹರ್ಟ್ಝ್ ಮಾತ್ರ ಬಿಡೋ ಬ್ಯಾಂಡ್‌ಪಾಸ್ ಫಿಲ್ಟರ್, ಸೆಕೆಂಡಿಗೆ 1000 ಸ್ಯಾಂಪಲ್.

ಕೈಮರ_ಏರು: ರಾ ಹಾಕ್ದೆ. ಸೆಕೆಂಡಿಗೆ ಸುಮಾರು 190 ಸಾಲು ಮಾತ್ರ ಬರ್ತಿದೆ.

ಮಲ್ನಾಡ್_ಬೋರ್ಡ್: ಬೋರ್ಡಿಂದ ಕಂಪ್ಯೂಟರಿಗೆ ಹೋಗೋ ಸೀರಿಯಲ್ ವೇಗ 9600ರಲ್ಲಿದೆ. ಅಲ್ಲಿ ಸೆಕೆಂಡಿಗೆ 960 ಬೈಟ್. ಮೂರು ಅಂಕಿ, ಜೊತೆಗೆ ಸಾಲಿನ ಕೊನೆಯ ಎರಡು, ಒಟ್ಟು ಐದು ಬೈಟ್ ಒಂದು ಓದಿಗೆ. ಸ್ಯಾಂಪಲ್ ವೇಗದ ಅರ್ಧ, ಅಂದ್ರೆ 95 ಹರ್ಟ್ಝ್‌ಗಿಂತ ಮೇಲಿರೋದೆಲ್ಲ ಮಡಚಿ ಕೆಳಗೆ ಬೀಳುತ್ತೆ. 115200 ಮಾಡು, ಸ್ಯಾಂಪಲ್‌ನ ಮೈಕ್ರೋಸೆಕೆಂಡ್ ಎಣಿಸಿ ತಗೋ, ಕೋಡ್‌ನಲ್ಲಿ ಡಿಲೇ ಬೇಡ.

ಕೈಮರ_ಏರು: ಈಗ ಮೀಡಿಯನ್ 74 ಹರ್ಟ್ಝ್ ಬಂತು! ಆದ್ರೆ ಮೊದಲ ಐದು ನಿಮಿಷ ಏರ್ತಿದೆ, ಇಳೀತಿಲ್ಲ.

ತೋಟದ_ಓಟ: ನಾಚ್ ಹಾಕಿ ಅಂದೆನಲ್ಲ.

ಮಲ್ನಾಡ್_ಬೋರ್ಡ್: ನಾಚ್‌ಗೂ ಇದಕ್ಕೂ ಸಂಬಂಧ ಇಲ್ಲ. ಸ್ನಾಯು ಬಿಸಿಯಾದ್ರೆ ಫ್ರೀಕ್ವೆನ್ಸಿ ಏರುತ್ತೆ, ಸುಸ್ತು ಅದರಡಿ ಮುಚ್ಚಿಹೋಗುತ್ತೆ. ಮೊದಲು ಚೆನ್ನಾಗಿ ಬಿಸಿ ಮಾಡ್ಕೋ. ತುಳಿಯುವಾಗಿನ ಅಂಕಿ ನಂಬ್ಬೇಡ. ನಡುನಡುವೆ ಇಳಿದು, ಗೋಡೆಗೆ ಬೆನ್ನು ಕೊಟ್ಟು, ಮಂಡಿ 90 ಡಿಗ್ರಿಗೆ ಬಗ್ಗಿಸಿ 20 ಸೆಕೆಂಡ್ ಕೂತು ಅಳೆ. ಪ್ರತಿ ಸಲ ಅದೇ ಕೋನ.

ಹಾಸನ_ಸೋಲ್ಡರ್: ಮುಳ್ಳಯ್ಯನಗಿರಿ ಏರಿನಲ್ಲಿ ಗೋಡೆ ಎಲ್ಲಿಂದ ತರ್ತಾರೆ?

ಕೈಮರ_ಏರು: ಅದೇ ನನ್ನ ಮುಂದಿನ ಪ್ರಶ್ನೆ. ಬೆವರಿಗೆ ಪ್ಯಾಡ್ ಕಳಚ್ತಿದೆ, ಟೇಪ್ ಯಾವುದು?