ಅಪ್‌ಡೇಟ್: ಬಯೋಸ್‌ನಿಂದ ಗ್ರಾಫಿಕ್ಸ್ ಕಾರ್ಡಿನ ವೇಗ ಹೆಚ್ಚಿಸುವ ವಿಚಾರ

ಬಯೋಸ್‌ನಿಂದಲೇ (ವಿಂಡೋಸ್ ಶುರುವಾಗುವ ಮೊದಲೇ ಓಡುವ, ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಪ್ರೋಗ್ರಾಂ) ಗ್ರಾಫಿಕ್ಸ್ ಕಾರ್ಡಿನ ವೇಗ ಹೆಚ್ಚಿಸಬಹುದಾ ಅಂತ ಕೇಳಿದ್ದೆ. ಉತ್ತರ ಸಿಕ್ಕಿತು. ನಾನು ಅಂದುಕೊಂಡಿದ್ದ ಹಾಗಂತೂ ಆಗುವುದಿಲ್ಲ.

ನನ್ನ ಮದರ್‌ಬೋರ್ಡಿನ ಬಯೋಸ್‌ನಲ್ಲಿ ಜಿಪಿಯು ಕ್ಲಾಕ್ (ಗ್ರಾಫಿಕ್ಸ್ ಚಿಪ್ಪಿನ ವೇಗ) ಅನ್ನುವ ಆಯ್ಕೆ ಇತ್ತು, ಅದನ್ನೇ ನಂಬಿ ಕೂತಿದ್ದೆ. ಅದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಮಾತ್ರ. ಸ್ಲಾಟ್‌ನಲ್ಲಿರುವ ಕಾರ್ಡಿಗೆ ಅದರದ್ದೇ ಬೇರೆ ಬಯೋಸ್ ಇರುತ್ತದೆ, ಮದರ್‌ಬೋರ್ಡ್ ಅದರ ತಂಟೆಗೆ ಹೋಗುವುದಿಲ್ಲ. ಇನ್ನೊಂದು ಎಡವಟ್ಟೂ ಮಾಡಿಕೊಂಡೆ. 100 ಮೆಗಾಹರ್ಟ್ಸ್ ಇದ್ದ ಪಿಸಿಐಇ ಕ್ಲಾಕನ್ನು (ಕಾರ್ಡು ಮದರ್‌ಬೋರ್ಡಿನ ಜೊತೆ ಮಾತಾಡುವ ದಾರಿಯ ಕ್ಲಾಕ್) ಸುಮ್ನೆ 108ಕ್ಕೆ ಏರಿಸಿದೆ. ಫೈಲುಗಳೆಲ್ಲ ಇರುವ ಎಸ್‌ಎಸ್‌ಡಿಯೇ ನಾಪತ್ತೆ! ಅದೂ ಇದೇ ಕ್ಲಾಕ್ ನಂಬಿಕೊಂಡಿರುತ್ತದೆ ಅಲ್ವಾ, ಹೊಳೆದೇ ಇರಲಿಲ್ಲ. ಸಿಮಾಸ್ ರೀಸೆಟ್ ಮಾಡಿ ಬಯೋಸ್ ಸೆಟ್ಟಿಂಗ್‌ಗಳನ್ನೆಲ್ಲ ಮೊದಲಿನಂತಾಗಿಸಿದ ಮೇಲೆ ಹೋದ ಜೀವ ಬಂತು.

ಈಗ ವಿಂಡೋಸ್ ಒಳಗೇ ಆಫ್ಟರ್‌ಬರ್ನರ್ ಅನ್ನುವ, ಕಾರ್ಡಿನ ವೇಗ ಬದಲಿಸುವ ಪ್ರೋಗ್ರಾಂ ಹಾಕಿಕೊಂಡಿದ್ದೇನೆ. ಮೊದಲು ಪವರ್ ಲಿಮಿಟ್, ಅಂದರೆ ಕಾರ್ಡು ಎಳೆಯಬಹುದಾದ ವಿದ್ಯುತ್ತಿನ ಮಿತಿ ಏರಿಸಿದೆ. ಆಮೇಲೆ ಕಾರ್ಡಿನ ಚಿಪ್ಪಿನ ವೇಗವನ್ನು (ಕೋರ್ ಕ್ಲಾಕ್) ಒಂದೊಂದು ಸಲಕ್ಕೆ 15 ಮೆಗಾಹರ್ಟ್ಸ್‌ನಂತೆ ಹೆಚ್ಚಿಸುತ್ತಾ ಹೋದೆ. +120ರಲ್ಲಿ ಆಟದ ನಡುವೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಡ್ರೈವರ್, ಕೈಕೊಟ್ಟಿತು, +90ಕ್ಕೆ ಇಳಿಸಿದೆ. ಮೂರು ದಿನದಿಂದ ತೊಂದರೆ ಇಲ್ಲ. ಆಟದಲ್ಲಿ ಸೆಕೆಂಡಿಗೆ ಜಾಸ್ತಿ ಸಿಕ್ಕಿದ ಫ್ರೇಮ್‌ಗಳು (ಚಿತ್ರಗಳು) ಮಾತ್ರ ಬೆರಳೆಣಿಕೆಯಷ್ಟು. ಇಷ್ಟಕ್ಕಾ ಅಷ್ಟೊಂದು ಒದ್ದಾಡಿದ್ದು ಅನ್ನಿಸಿತು.

ಬಯೋಸ್‌ನಲ್ಲಿ ಕೊನೆಗೆ ಉಳಿಸಿಕೊಂಡ ಬದಲಾವಣೆ ಒಂದೇ, ಪ್ರೊಸೆಸರ್‌ಗೆ ಕಾರ್ಡಿನ ಮೆಮೊರಿ ಪೂರ್ತಿ ಒಟ್ಟಿಗೇ ಸಿಗುವಂತೆ ಮಾಡುವ ರೀಸೈಜಬಲ್ ಬಾರ್ ಆನ್ ಮಾಡಿದ್ದು.