ಕಷ್ಟ ಕೇಳಬೇಡಿ, ಕೆಲಸ ಕೇಳಿ: ಊರಿನವರ ಮೇಲೆ ಸಾಕ್ಷ್ಯಚಿತ್ರ ಮಾಡಿದ ಅನುಭವ

ತುಮಕೂರಿನ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ: "ಕೋರ್ಸಿಗಾಗಿ ನಮ್ಮೂರಿನ ಸಾಮಾನ್ಯ ವ್ಯಕ್ತಿಯೊಬ್ಬರ ಮೇಲೆ 10 ನಿಮಿಷದ ಸಾಕ್ಷ್ಯಚಿತ್ರ ಮಾಡಬೇಕು. ಕೈಯಲ್ಲಿರೋದು ಫೋನ್ ಮಾತ್ರ. ಯಾರನ್ನು ಆರಿಸೋದು? ಕ್ಯಾಮೆರಾ ಕಂಡ ತಕ್ಷಣ ಸುಮ್ಮನಾಗುವವರನ್ನು ಮಾತಾಡಿಸೋದು ಹೇಗೆ? ದುಡ್ಡು ಕೊಡಬೇಕಾ? ಮಾಡಿದವರು ಇದ್ದರೆ ಹೇಳಿ."

ನಾನು ಮೈಸೂರಿನಲ್ಲಿ ಓದುವಾಗ ಇಂಥ ಚಿತ್ರಗಳನ್ನು ಮಾಡಿದ್ದೇನೆ. ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವ ಅಜ್ಜಿಯೊಬ್ಬರ ಮೇಲೆ ಒಂದು, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ, ಅಂದರೆ ಒಳಗೆ ತವರ ಬಳಿಯುವ ಹಿರಿಯರೊಬ್ಬರ ಮೇಲೆ ಇನ್ನೊಂದು. ನನ್ನ ಜೊತೆ ಓದಿದವರು ಬೇರೆ ಬೇರೆ ಊರುಗಳಲ್ಲಿ ಮಾಡಿದರು. ನಿಮ್ಮ ಪ್ರಶ್ನೆ ನೋಡಿ ಅವರನ್ನೂ ಕೇಳಿದೆ. ಎಲ್ಲ ಸೇರಿಸಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

ನನಗೆ ಮುಖ್ಯ ಅನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕಷ್ಟ ಕೇಳಬೇಡಿ, ಕೆಲಸ ಕೇಳಿ. "ಜೀವನ ಹೇಗೆ ನಡೀತಿದೆ ಅಜ್ಜಿ, ತುಂಬಾ ಕಷ್ಟಾನಾ?" ಅಂತ ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. "ಏನ್ ಮಾಡೋದು ಕಣವ್ವ, ಹೊಟ್ಟೆಪಾಡು." ಅದು ಸುಳ್ಳಲ್ಲ. ಆದರೆ ಆ ಉತ್ತರದಲ್ಲಿ ಆ ಮನುಷ್ಯರು ಇರುವುದಿಲ್ಲ. ಅದೇ ಉತ್ತರದ ಕೆಳಗೆ ಕೊಳಲಿನ ದುಃಖದ ರಾಗ ಹಾಕಿದರೆ ನೋಡುವವರಿಗೆ ಅಯ್ಯೋ ಪಾಪ ಅನಿಸುತ್ತದೆ, ಅಷ್ಟೇ. ಬೆಳಗ್ಗೆಯಿಂದ ಸಂಜೆವರೆಗೆ ಕೈಯಲ್ಲಿ ವಿದ್ಯೆ ಇಟ್ಟುಕೊಂಡು ದುಡಿಯುವವರನ್ನು ಪಾಪದವರನ್ನಾಗಿ ತೋರಿಸುವುದು ನನಗೆ ಅನ್ಯಾಯ ಅನಿಸುತ್ತದೆ.

ಹೂವಿನ ಅಜ್ಜಿಯ ವಿಷಯ ಹೇಳುತ್ತೇನೆ. ದೇವರಾಜ ಮಾರುಕಟ್ಟೆಗೆ ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸು. 2016ರಲ್ಲಿ ಕಟ್ಟಡದ ಒಂದು ಭಾಗ ಕುಸಿಯಿತು. ಕೆಡವಿ ಕಟ್ಟಬೇಕಾ, ದುರಸ್ತಿ ಮಾಡಬೇಕಾ ಅನ್ನುವ ಚರ್ಚೆ ಆಮೇಲೆ ವರ್ಷಗಟ್ಟಲೆ ನಡೆಯಿತು. ಹಾಗಾಗಿ ಮೈಕ್ ಹಿಡಿದು ಬಂದವರೆಲ್ಲ ಅಲ್ಲಿನ ವ್ಯಾಪಾರಿಗಳನ್ನು ಕಟ್ಟಡದ ಬಗ್ಗೆಯೇ ಕೇಳುತ್ತಿದ್ದರು. ಅಜ್ಜಿಗೆ ಆ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. ನಾನು ಕೇಳಿದ್ದು ಬಾಳೆ ನಾರಿನ ಬಗ್ಗೆ. ಎಷ್ಟು ಹೊತ್ತು ನೆನೆಸಬೇಕು, ಎಷ್ಟು ತೆಳ್ಳಗೆ ಸೀಳಬೇಕು, ಎಲ್ಲರೂ ದಾರದಲ್ಲಿ ಕಟ್ಟುವಾಗ ನೀವು ಯಾಕೆ ಇನ್ನೂ ನಾರು ಬಿಟ್ಟಿಲ್ಲ. ತಕ್ಷಣ ಮಾತು ಶುರುವಾಯಿತು. ಮಲ್ಲಿಗೆ ಕಟ್ಟುವಾಗ ಬೆರಳು ಹೇಗೆ ಓಡಬೇಕು, ಕನಕಾಂಬರ ಯಾಕೆ ರೇಜಿಗೆ, ಮಾರು ಹಾಕುವಾಗ ಉದ್ದ ಕೈಯವರು ಹಾಕಿದರೆ ಗಿರಾಕಿಗೆ ಹೇಗೆ ಲಾಭ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ ಮಾರುಕಟ್ಟೆ ಹೇಗಿರುತ್ತದೆ. "ಯಾರ ಹತ್ತಿರ ಕಲಿತಿರಿ?" ಅಂದೆ. ಅತ್ತೆ ಕಲಿಸಿದ್ದು, ಅಂದರು. ಅಲ್ಲಿಂದ ಅತ್ತೆಯ ಕಥೆ, ಮದುವೆಯಾಗಿ ಬಂದ ಮನೆಯ ಕಥೆ, ಗಂಡ ಹೋದ ಮೇಲೆ ಅದೇ ಜಾಗದಲ್ಲಿ ಬಂದು ಕೂತ ಕಥೆ. ನಾನು ಕಷ್ಟದ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಎಲ್ಲ ತಾನಾಗಿ ಬಂತು. ಕೈ ಮಾತ್ರ ಒಂದು ಕ್ಷಣವೂ ನಿಲ್ಲಲಿಲ್ಲ.

ಕ್ಯಾಮೆರಾ ಕಂಡರೆ ಸುಮ್ಮನಾಗುತ್ತಾರೆ ಅಂತ ಕೇಳಿದ್ದೀರಲ್ಲ, ಅದಕ್ಕೂ ಇದೇ ಉಪಾಯ. ಕೆಲಸ ನಿಲ್ಲಿಸಿ ಕುರ್ಚಿ ಮೇಲೆ ಕೂರಿಸಿದರೆ ಯಾರಾದರೂ ಸೆಟೆದುಕೊಳ್ಳುತ್ತಾರೆ. ಆಮೇಲೆ ರೇಡಿಯೋದಲ್ಲಿ ವಾರ್ತೆ ಓದುವವರ ಕನ್ನಡ ಬಂದುಬಿಡುತ್ತದೆ. ಕೈಗೆ ಕೆಲಸ ಇದ್ದರೆ ಬಾಯಿ ಸಲೀಸಾಗಿ ಆಡುತ್ತದೆ. ಮೊದಲ ಕೆಲವು ಸಲ ಫೋನ್ ಜೇಬಿನಲ್ಲೇ ಇರಲಿ. ಗಿರಾಕಿ ಹೋಗುವವರೆಗೆ ಕಾಯಿರಿ, ಒಂದು ಮಾರು ಹೂ ತಗೊಳ್ಳಿ, ಅಲ್ಲೇ ಕೂತು ಟೀ ಕುಡಿಯಿರಿ. ಅಕ್ಕಪಕ್ಕದ ಅಂಗಡಿಯವರಿಗೂ ನಿಮ್ಮ ಮುಖ ಪರಿಚಯವಾಗಬೇಕು. ಇಲ್ಲದಿದ್ದರೆ ಶೂಟಿಂಗ್ ದಿನ ಸುತ್ತ ಜನ ಸೇರುತ್ತಾರೆ, "ಯಾವ ಚಾನೆಲ್ಲು?" ಅಂತ ಹತ್ತು ಜನ ಕೇಳುತ್ತಾರೆ, ನಡುವೆ ಕೂತವರು ನಾಚಿಕೊಳ್ಳುತ್ತಾರೆ. ಭಾಷೆಯನ್ನು ಅವರಿಗೇ ಬಿಡಿ. ಕಲಾಯಿ ಹಾಕುವವರು ಅರ್ಧ ಕನ್ನಡ, ಅರ್ಧ ಉರ್ದುವಿನಲ್ಲಿ ಮಾತಾಡಿದರು. ಕೆಳಗೆ ಅಕ್ಷರದಲ್ಲಿ ಕನ್ನಡ ಹಾಕಿದೆ. ಅವರ ಮಾತನ್ನು ಅವರ ಬಾಯಿಂದಲೇ ಕೇಳಬೇಕು.

ಆ ಕಲಾಯಿ ಚಿತ್ರದಿಂದ ನಿಮಗೆ ಉಪಯೋಗವಾಗುವುದು ಬೇರೆ ವಿಷಯ. ಕೆಲವು ಕೆಲಸಗಳಲ್ಲಿ ಮುಖ್ಯ ಘಳಿಗೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ಪಾತ್ರೆ ಉಜ್ಜಿ ತೊಳೆಯುವುದು, ಇದ್ದಿಲ ಬೆಂಕಿಯಲ್ಲಿ ಕಾಯಿಸುವುದು ಎಲ್ಲ ನಿಧಾನ. ಆಮೇಲೆ ನವಸಾಗರದ (ಅಮೋನಿಯಂ ಕ್ಲೋರೈಡ್) ಪುಡಿ ಹಾಕುತ್ತಾರೆ, ಬಿಳಿ ಹೊಗೆ ದಟ್ಟವಾಗಿ ಏಳುತ್ತದೆ. ತವರದ ಕಡ್ಡಿ ಮುಟ್ಟಿಸಿದರೆ ಕರಗುತ್ತದೆ, ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಕಪ್ಪಗಿದ್ದ ಪಾತ್ರೆಯ ಒಳಗೆಲ್ಲ ಬೆಳ್ಳಿ ಹೊಳಪು. ಇದಿಷ್ಟೂ ಕೆಲವೇ ಸೆಕೆಂಡು. ತವರ 232 ಡಿಗ್ರಿಗೇ ಕರಗುವ ಲೋಹ, ಅದು ಯಾರಿಗೂ ಕಾಯುವುದಿಲ್ಲ. "ಇನ್ನೊಂದು ಸಲ ಮಾಡಿ" ಅನ್ನುವ ಹಾಗೂ ಇಲ್ಲ, ಅದು ಯಾರೋ ಗಿರಾಕಿಯ ಪಾತ್ರೆ. ಹಾಗಾಗಿ ಮೊದಲೇ ಕೇಳಿಕೊಳ್ಳಿ, ಇವತ್ತು ಎಷ್ಟು ಪಾತ್ರೆ ಇದೆ ಅಂತ. ಮೊದಲನೆಯದನ್ನು ಸುಮ್ನೆ ನೋಡಿ. ಎರಡನೆಯದಕ್ಕೆ ಕೈ ಹತ್ತಿರದಿಂದ, ಮೂರನೆಯದಕ್ಕೆ ಮುಖ, ಮುಂದಿನದಕ್ಕೆ ದೂರದಿಂದ ಇಡೀ ಅಂಗಡಿ. ಸಂಕಲನ ಮಾಡುವಾಗ ಎಲ್ಲ ಸೇರಿ ಒಂದೇ ಪಾತ್ರೆಯಂತೆ ಕಾಣುತ್ತದೆ.

ಫೋನ್ ಒಂದೇ ಇದ್ದರೂ ಸಾಕು. ಹೊಗೆ, ಬೆಂಕಿ ಕಂಡರೆ ಫೋನ್ ತಾನೇ ಬೆಳಕು, ಫೋಕಸ್ ಎರಡನ್ನೂ ಬದಲಾಯಿಸುತ್ತಾ ಇರುತ್ತದೆ. ಪರದೆಯನ್ನು ಒತ್ತಿ ಹಿಡಿದರೆ ಲಾಕ್ ಆಗುತ್ತದೆ, ಅದನ್ನು ಮಾಡಿಕೊಳ್ಳಿ. ಟ್ಯೂಬ್‌ಲೈಟ್ ಕೆಳಗೆ ತೆಗೆದ ಚಿತ್ರದಲ್ಲಿ ಪಟ್ಟೆ ಪಟ್ಟೆ ಮಿನುಗು ಬರುತ್ತದಲ್ಲ, ಅದು ನಮ್ಮ ಕರೆಂಟು 50 ಹರ್ಟ್ಸ್ ಇರುವುದರಿಂದ. ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಇಟ್ಟರೆ ಹೋಗುತ್ತದೆ. ಫೋನಿನ ಮಾಮೂಲಿ ಕ್ಯಾಮೆರಾದಲ್ಲಿ ಇದು ಸಿಗದಿದ್ದರೆ ಕೈಯಿಂದ ಹೊಂದಿಸುವ ಆ್ಯಪ್‌ಗಳಿವೆ. ಶೂಟಿಂಗ್ ಮಾಡುವಾಗ ಏರೋಪ್ಲೇನ್ ಮೋಡ್ ಹಾಕಿ, ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು.

ಚಿತ್ರಕ್ಕಿಂತ ಶಬ್ದಕ್ಕೆ ಜಾಸ್ತಿ ಗಮನ ಕೊಡಿ. ಚಿತ್ರ ಸ್ವಲ್ಪ ಅಲುಗಿದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಸ್ನೇಹಿತರಿಂದ ಇನ್ನೊಂದು ಫೋನ್ ತಗೊಳ್ಳಿ. ರೆಕಾರ್ಡರ್ ಆನ್ ಮಾಡಿ ಅವರ ಅಂಗಿ ಜೇಬಿನಲ್ಲಿ, ಅಥವಾ ಪಕ್ಕದ ಬುಟ್ಟಿಯಲ್ಲಿ ಇಡಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಆಮೇಲೆ ಎರಡನ್ನೂ ಹೊಂದಿಸುವುದು ಸುಲಭ. ಯಾರೂ ಮಾತಾಡದೆ ಆ ಜಾಗದ ಸದ್ದನ್ನೂ ಒಂದು ನಿಮಿಷ ಹಿಡಿದಿಟ್ಟುಕೊಳ್ಳಿ, ಮಾತಿನ ತುಂಡುಗಳ ನಡುವೆ ಹಾಕಲು ಬೇಕಾಗುತ್ತದೆ. ಅಂಗಡಿಯ ರೇಡಿಯೋದಲ್ಲಿ ಸಿನಿಮಾ ಹಾಡು ಓಡುತ್ತಿದ್ದರೆ ಕೇಳಿಕೊಂಡು ಆಫ್ ಮಾಡಿಸಿ. ಯೂಟ್ಯೂಬ್‌ಗೆ ಹಾಕಿದಾಗ ಹಕ್ಕುಸ್ವಾಮ್ಯದ ತಕರಾರು ಬರುತ್ತದೆ.

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರ ಚಿತ್ರ ತೆಗೆದ ಗೆಳೆಯನಿಗೆ ಶಬ್ದದ್ದೇ ತಲೆನೋವಾಗಿತ್ತು. ಅಲ್ಲಿ ಹಾಲೆ ಮರದ ತುಂಡನ್ನು ಮೋಟಾರಿನ ಲೇತ್‌ನಲ್ಲಿ ತಿರುಗಿಸಿ ಕೊರೆಯುತ್ತಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಬಣ್ಣ ಹಿಡಿಯುತ್ತದೆ, ಆಮೇಲೆ ತಾಳೆ ಗರಿಯಿಂದ ಹೊಳಪು ಕೊಡುತ್ತಾರೆ. ನೋಡಲು ಬಲು ಚೆಂದ. ಆದರೆ ಮೋಟಾರ್ ಓಡುವಾಗ ಪಕ್ಕದವರ ಮಾತೂ ಕೇಳಿಸದು. ಅವನು ಕರೆಂಟ್ ಹೋಗುವ ಹೊತ್ತಿಗೆ ಕಾದ. ಕರೆಂಟ್ ಹೋದರೆ ಕೆಲಸ ನಿಲ್ಲುತ್ತದೆ, ಎಲ್ಲರೂ ಬಾಗಿಲ ಬಳಿ ಬಂದು ಕೂರುತ್ತಾರೆ, ಬೀಡಿ, ಟೀ, ಮಾತು. ಅವನ ಚಿತ್ರದ ಒಳ್ಳೆಯ ಮಾತುಗಳೆಲ್ಲ ಆಗ ಸಿಕ್ಕಿದ್ದು. ಕರೆಂಟ್ ಇಲ್ಲದ ಹೊತ್ತಿನಲ್ಲಿ ಎಷ್ಟು ಗೊಂಬೆ ಕಡಿಮೆಯಾಯಿತು ಅನ್ನುವ ಲೆಕ್ಕವೂ ಆ ಮಾತಿನಲ್ಲೇ ಬಂತು.

ಇನ್ನೊಬ್ಬಳು ಗೆಳತಿ ತನ್ನ ಊರಿನ ಪೌರಕಾರ್ಮಿಕರ ಮೇಲೆ ಮಾಡಿದಳು. ಅವಳು ಹೇಳಿದ್ದನ್ನು ದಯವಿಟ್ಟು ಗಮನವಿಟ್ಟು ಓದಿ. ನಸುಕಿನಲ್ಲಿ ಅವರ ಜೊತೆ ಬೀದಿ ಬೀದಿ ಓಡಾಡುವಾಗ ಒಬ್ಬರು ಸಂಬಳ ತಡವಾಗುವುದು, ಕೈಗವಸು ಸಿಗದಿರುವುದು ಎಲ್ಲ ಹೇಳಿದರು. ಮನಸ್ಸು ಬಿಚ್ಚಿ ಹೇಳಿದರು. ಮಾರನೇ ದಿನ ಬಂದು, "ಆ ಮಾತು ತೆಗೆದುಬಿಡಮ್ಮ, ಕೆಲಸ ಹೋದೀತು" ಅಂದರು. ಚಿತ್ರದಲ್ಲಿ ಅದಕ್ಕಿಂತ ಗಟ್ಟಿಯಾದ ಮಾತು ಇರಲಿಲ್ಲ. ಅವಳು ಮರುಮಾತಾಡದೆ ತೆಗೆದಳು. ಅವರ ಒಪ್ಪಿಗೆ ಪಡೆದು, ಕೈಗವಸಿಲ್ಲದ ಕೈಗಳನ್ನು ಮುಖ ಕಾಣದ ಹಾಗೆ ತೋರಿಸಿದಳು. ನಮಗೆ ಸಿಗುವುದು ಅಂಕ, ಅವರು ಕಳೆದುಕೊಳ್ಳಬಹುದಾದದ್ದು ಅನ್ನ. ಈ ಲೆಕ್ಕ ಹಾಕಿಯೇ ಕತ್ತರಿ ಹಿಡಿಯಬೇಕು. ಒಪ್ಪಿಗೆಯನ್ನು ಶುರುವಿನಲ್ಲಿ ಒಮ್ಮೆ ಪಡೆದರೆ ಸಾಲದು, ಚಿತ್ರ ಮುಗಿದ ಮೇಲೆ ತೋರಿಸಿ ಮತ್ತೆ ಕೇಳಿ. ಸಹಿ ಹಾಕಿಸಿಕೊಳ್ಳುವ ಕಾಗದ ಕನ್ನಡದಲ್ಲಿರಲಿ. ಓದಲು ಬಾರದವರಿಗೆ ಓದಿ ಹೇಳಿ, ಅವರು ಒಪ್ಪಿದ್ದನ್ನು ಕ್ಯಾಮೆರಾದಲ್ಲೇ ದಾಖಲಿಸಿ. ಯಾವಾಗ, ಎಲ್ಲಿ ತೋರಿಸುತ್ತೀರಿ, ಇಂಟರ್ನೆಟ್ಟಿಗೆ ಹೋಗುತ್ತದಾ ಅನ್ನುವುದನ್ನೂ ಬಿಡಿಸಿ ಹೇಳಬೇಕು. ಮಕ್ಕಳಿದ್ದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ರೈಲು ನಿಲ್ದಾಣದಲ್ಲಿ ಚಿತ್ರೀಕರಣಕ್ಕೆ ಇಲಾಖೆಯ ಅನುಮತಿ ಬೇಕು. ಕಾಲೇಜಿನಿಂದ ಪತ್ರ ತಂದರೆ ಇಂಥ ಕಡೆ ಸುಲಭ.

ದುಡ್ಡಿನ ವಿಷಯದಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ. ಮಾತಾಡಿದ್ದಕ್ಕೆ ದುಡ್ಡು ಕೊಡಬಾರದು, ಕೊಟ್ಟರೆ ನಮಗೆ ಬೇಕಾದ್ದನ್ನೇ ಹೇಳುತ್ತಾರೆ ಅಂತ ಕೆಲವರು. ನನ್ನ ಅಭಿಪ್ರಾಯ ಹೀಗಿದೆ: ಮಾತಿಗೆ ಬೆಲೆ ಕಟ್ಟಬೇಡಿ, ಆದರೆ ನಿಮ್ಮಿಂದ ಅವರ ದುಡಿಮೆ ನಿಂತರೆ ಆ ನಷ್ಟ ನಿಮ್ಮದು. ಅರ್ಧ ದಿನ ಅಂಗಡಿ ಮುಚ್ಚಿಸಿದರೆ ಅರ್ಧ ದಿನದ ಸಂಪಾದನೆ ಕೊಡಲೇಬೇಕು. ಅದಕ್ಕಿಂತ ಒಳ್ಳೆಯದು, ಮುಚ್ಚಿಸದಿರುವುದು. ಕೆಲಸದಲ್ಲಿರುವ ಒಂದು ಒಳ್ಳೆಯ ಫೋಟೋ ಪ್ರಿಂಟ್ ಹಾಕಿಸಿ, ಫ್ರೇಮ್ ಮಾಡಿಸಿ ಕೊಡಿ. ಅಜ್ಜಿಗೆ ಕೊಟ್ಟಾಗ ಸಾಲಿನ ಎಲ್ಲ ಹೂವಿನವರೂ ಬಂದು ನೋಡಿದರು.

ಸಂಕಲನಕ್ಕೆ ಡಾವಿಂಚಿ ರಿಸಾಲ್ವ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ನಿಮ್ಮ ಕಂಪ್ಯೂಟರ್ ಎಳೆಯದಿದ್ದರೆ ಫೋನಿನಲ್ಲೇ ಮಾಡಿ. ಮೊದಲು ಮಾತನ್ನೆಲ್ಲ ಕೂತು ಬರೆದುಕೊಳ್ಳಿ. ಬೇಜಾರಿನ ಕೆಲಸ, ಆದರೆ ಚಿತ್ರ ಹುಟ್ಟುವುದು ಅಲ್ಲೇ. ನಿರೂಪಣೆಯ ಗಂಭೀರ ಧ್ವನಿ ಬೇಡ ಅಂತಲೇ ನಾನು ಹೇಳುವುದು. ಅವರೇ ಹೇಳಿದ ಮೇಲೆ ನಾವು ಮತ್ತೆ ಯಾಕೆ ಹೇಳಬೇಕು? ಕೆಲಸದ ಬಗ್ಗೆ ಹೇಗೆ ಕೇಳುವುದು, ಹೇಗೆ ನೋಡುವುದು ಅಂತ ತಿಳಿಯಲು 'ಪರಿ'ಯನ್ನು ಓದಿ. ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ ಜಾಲತಾಣ ಅದು, ಹಳ್ಳಿಯ ದುಡಿಯುವವರ ಬಗೆಗಿನ ಬರಹ, ಫೋಟೋ, ಚಿತ್ರಗಳು ಕನ್ನಡದಲ್ಲೂ ಸಿಗುತ್ತವೆ.

ಯಾರನ್ನು ಆರಿಸೋದು ಅನ್ನುವುದನ್ನು ಕೊನೆಗೆ ಉಳಿಸಿಕೊಂಡೆ. ಅಪರೂಪದವರನ್ನು ಹುಡುಕಬೇಡಿ. ನೀವು ದಿನಾ ಹಾದುಹೋಗುವ ದಾರಿಯಲ್ಲಿ ಇರುವವರೇ ಒಳ್ಳೆಯದು, ಮತ್ತೆ ಮತ್ತೆ ಹೋಗಲು ಆಗುತ್ತದೆ. ಚಿತ್ರ ಮುಗಿದ ಮೇಲೂ ಅವರ ಮುಖ ನೋಡಬೇಕಾಗುತ್ತದೆ, ಅದು ನಿಮ್ಮನ್ನು ಪ್ರಾಮಾಣಿಕರಾಗಿ ಇಡುತ್ತದೆ. ಮೊದಲ ಪ್ರದರ್ಶನವೂ ಅವರ ಬೀದಿಯಲ್ಲೇ ಆಗಲಿ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆಯ ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲೇ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದ್ದರು. ಒಂದು ಬಿಳಿ ಪಂಚೆ, ಬಾಡಿಗೆ ಪ್ರೊಜೆಕ್ಟರ್ ಇದ್ದರೆ ನಮ್ಮಿಂದಲೂ ಆಗುತ್ತದೆ. ಆಮೇಲೆ ಉತ್ಸವಗಳಿಗೆ ಕಳಿಸಿ. ತಿರುವನಂತಪುರದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ ಇದೆ, 1990ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಮುಂಬೈ ಉತ್ಸವ ಇದೆ. ವಿದ್ಯಾರ್ಥಿಗಳ ಚಿತ್ರಗಳಿಗೂ ಅಲ್ಲಿ ಅವಕಾಶ ಇರುತ್ತದೆ, ನಿಯಮ ಆಯಾ ವರ್ಷದ್ದು ನೋಡಿಕೊಳ್ಳಿ.

ನೀವು ಯಾರನ್ನು ಯೋಚಿಸಿದ್ದೀರಿ ಅಂತ ಬರೆಯಿರಿ. ಅವರ ಕೆಲಸ ಏನು, ಎಷ್ಟು ಹೊತ್ತಿಗೆ ಶುರುವಾಗುತ್ತದೆ ಅಂತ ಗೊತ್ತಾದರೆ ಬೆಳಕು, ಶಬ್ದದ ಬಗ್ಗೆ ಇನ್ನೂ ಸರಿಯಾಗಿ ಹೇಳಬಹುದು. ಚನ್ನಪಟ್ಟಣದ ಗೆಳೆಯನೂ ಉತ್ತರಿಸುತ್ತೇನೆ ಅಂದಿದ್ದಾನೆ.